ಆತಂಕದ ಮನೋಚಿಕಿತ್ಸೆಯಲ್ಲಿ ಅವಧಿಯ ಪ್ರಶ್ನೆ: ಒಂದು ಐತಿಹಾಸಿಕ ವಿವೇಚನೆ

೧

ವೈದ್ಯಶಾಸ್ತ್ರದ ಇತಿಹಾಸವೆಂಬುದು ಬಹುಮಟ್ಟಿಗೆ ವೈದ್ಯರ ಇತಿಹಾಸವಾಗಿಯೇ ಬೆಳೆದುಬಂದಿದೆ. ಯಾವ ವರ್ಷದಲ್ಲಿ ಯಾರು ಯಾವ ರೋಗಕ್ಕೆ ಹೆಸರಿಟ್ಟರು, ಯಾವ ಔಷಧವನ್ನು ಕಂಡುಹಿಡಿದರು, ಯಾವ ಆಸ್ಪತ್ರೆಯನ್ನು ಕಟ್ಟಿಸಿದರು ಎಂಬ ವಿವರಗಳು ಗ್ರಂಥಗಳಲ್ಲಿ ಧಾರಾಳವಾಗಿ ದೊರೆಯುತ್ತವೆ. ರೋಗಿಯಾದವನು ಚಿಕಿತ್ಸೆಯ ನಡುದಾರಿಯಲ್ಲಿ ನಿಂತು ತನ್ನಷ್ಟಕ್ಕೆ ಕೇಳಿಕೊಳ್ಳುವ ಪ್ರಶ್ನೆಗಳಿಗೆ ಅಲ್ಲಿ ಎಡೆ ಕಡಮೆ. ‘ಆರು ತಿಂಗಳಿಂದ ವಾರಕ್ಕೊಮ್ಮೆ ಹೋಗಿಬರುತ್ತಿದ್ದೇನೆ, ಎದೆಬಡಿತ, ನಿದ್ರಾಭಂಗ, ಕಾರಣವಿಲ್ಲದ ಕಳವಳ ಇವು ಅಲ್ಪಸ್ವಲ್ಪ ತಗ್ಗಿವೆಯೇ ಹೊರತು ಹೋಗಿಲ್ಲ, ಇನ್ನೂ ಮುಂದುವರಿಸಲೆ, ಇಲ್ಲಿಗೆ ನಿಲ್ಲಿಸಲೆ?’ ಎಂಬುದು ಅಂಥ ಒಂದು ಪ್ರಶ್ನೆ. ಹಣ, ವೇಳೆ, ಮನೆಯವರ ಸಹನೆ, ತನ್ನಲ್ಲಿಯೇ ತನಗಿರುವ ವಿಶ್ವಾಸ ಇಷ್ಟೂ ಈ ಪ್ರಶ್ನೆಯೊಳಗೆ ಅಡಕವಾಗಿವೆ. ತಪ್ಪು ಕಾಲದಲ್ಲಿ ಬಿಟ್ಟರೆ ಗುಣವಾಗುವುದು ಕೈತಪ್ಪಬಹುದು. ಬಿಡಬೇಕಾದಾಗ ಬಿಡದಿದ್ದರೆ ವರ್ಷಗಳೇ ಕಳೆದುಹೋಗಬಹುದು.

ಈ ಪ್ರಶ್ನೆಗೂ ಒಂದು ಇತಿಹಾಸವುಂಟು. ಸುಮಾರು ನೂರ ಮೂವತ್ತು ವರ್ಷಗಳಲ್ಲಿ ಇದಕ್ಕೆ ದೊರೆತ ಉತ್ತರಗಳು ಬಗೆಬಗೆಯಾಗಿವೆ. ಆ ಉತ್ತರಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸಿ, ಅವುಗಳಿಂದ ಇಂದಿನವರಿಗೆ ದೊರೆಯಬಹುದಾದ ಸಹಾಯವೇನೆಂಬುದನ್ನು ಸೂಚಿಸುವುದು ನಮ್ಮ ಉದ್ದೇಶ. ನಾವು ಇತಿಹಾಸದ ವಿದ್ಯಾರ್ಥಿಗಳು. ಯಾರಿಗೂ ಚಿಕಿತ್ಸೆಯನ್ನು ವಿಧಿಸುವ ಅಧಿಕಾರ ನಮಗಿಲ್ಲ. ಆದರೆ ಹಿಂದಿನವರು ಇದೇ ಕವಲುದಾರಿಯಲ್ಲಿ ನಿಂತಾಗ ಏನಾಯಿತೆಂಬುದನ್ನು ತಿಳಿಸುವುದು ಇತಿಹಾಸದ ಧರ್ಮವೇ ಆಗಿದೆ.

೨

ಚಿಕಿತ್ಸೆಗೆ ಎಷ್ಟು ಕಾಲ ಹಿಡಿಯುತ್ತದೆಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ವೈದ್ಯರಲ್ಲಿ ಖಚಿತವಾದ ಉತ್ತರವಿತ್ತು. ಅಮೆರಿಕದ ಜಾರ್ಜ್ ಬಿಯರ್ಡ್ ಅವರು ೧೮೬೯ರಲ್ಲಿ ‘ನ್ಯೂರಸ್ತೀನಿಯ’, ಅಂದರೆ ನರದೌರ್ಬಲ್ಯ, ಎಂಬ ಹೆಸರನ್ನು ಬಳಕೆಗೆ ತಂದರು. ಆಯಾಸ, ಕಳವಳ, ತಲೆನೋವು, ನಿದ್ರಾಹೀನತೆಗಳೆಲ್ಲ ಆ ಒಂದೇ ಹೆಸರಿನಡಿಯಲ್ಲಿ ಸೇರಿಕೊಂಡವು. ಅದಕ್ಕೆ ಫಿಲಡೆಲ್ಫಿಯಾದ ವಿಯರ್ ಮಿಚೆಲ್ ಅವರು ರೂಪಿಸಿದ ವಿಶ್ರಾಂತಿ ಚಿಕಿತ್ಸೆ ಪ್ರಸಿದ್ಧವಾಯಿತು. ಹಾಸಿಗೆ, ಪುಷ್ಟಿಕರವಾದ ಆಹಾರ, ಅಂಗಮರ್ದನ, ಏಕಾಂತ ಇವುಗಳಿಂದ ಕೂಡಿದ ಈ ಕ್ರಮವು ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಲ್ಲಿ ಮುಗಿಯುತ್ತಿತ್ತು. ಗುಣವಾದರೂ ಆಗದಿದ್ದರೂ ಅವಧಿಯಂತೂ ಮೊದಲೇ ಗೊತ್ತಿರುತ್ತಿತ್ತು.

ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡರು ೧೮೯೫ರ ಲೇಖನವೊಂದರಲ್ಲಿ ಈ ನರದೌರ್ಬಲ್ಯದಿಂದ ಆತಂಕದ ಲಕ್ಷಣಗಳನ್ನು ಬೇರ್ಪಡಿಸಿ ‘ಆತಂಕ ನ್ಯೂರೋಸಿಸ್’ ಎಂಬ ಪ್ರತ್ಯೇಕ ರೋಗವನ್ನು ಗುರುತಿಸಿದರು. ಎದೆಬಡಿತ, ಉಸಿರಾಟದ ತೊಂದರೆ, ಬೆವರು, ನಡುಕ, ತಲೆಸುತ್ತು, ನಡುರಾತ್ರಿ ಬೆಚ್ಚಿ ಏಳುವುದು, ಕೇಡನ್ನೇ ನಿರೀಕ್ಷಿಸುತ್ತಿರುವ ಮನಸ್ಸು ಹೀಗೆ ಅವರು ಕೊಟ್ಟ ಪಟ್ಟಿಯನ್ನು ಇಂದಿನ ರೋಗಿಯೂ ತನ್ನದೆಂದು ಗುರುತಿಸಬಲ್ಲನು. ಗಮನಿಸಬೇಕಾದ ಸಂಗತಿಯೆಂದರೆ, ಈ ರೋಗದ ಮೂಲ ಶಾರೀರಿಕವೆಂದೂ ಆದ್ದರಿಂದ ಇದು ಮನೋಚಿಕಿತ್ಸೆಗೆ ಒಳಪಡತಕ್ಕದ್ದಲ್ಲವೆಂದೂ ಅವರು ಆಗ ಭಾವಿಸಿದ್ದರು. ಆತಂಕವೆಂಬುದು ಮನಸ್ಸು ತನಗೇ ಕೊಟ್ಟುಕೊಳ್ಳುವ ಅಪಾಯದ ಸೂಚನೆ ಎಂಬ ನಿಲುವಿಗೆ ಅವರು ಬಂದದ್ದು ೧೯೨೬ರಲ್ಲಿ.

ಮನೋವಿಶ್ಲೇಷಣೆಯ ಪದ್ಧತಿ ನೆಲೆಗೊಳ್ಳುತ್ತಿದ್ದಂತೆ ಅವಧಿಯ ಪ್ರಶ್ನೆ ಹೊಸ ರೂಪವನ್ನು ತಾಳಿತು. ಚಿಕಿತ್ಸೆಯ ಆರಂಭವನ್ನು ಕುರಿತು ೧೯೧೩ರಲ್ಲಿ ಬರೆದ ಲೇಖನದಲ್ಲಿ ಫ್ರಾಯ್ಡರು ರೋಗಿಗಳು ಕೇಳುವ ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಳ್ಳುತ್ತಾರೆ. ದಾರಿ ಎಷ್ಟು ದೂರವೆಂದು ಕೇಳಿದ ದಾರಿಹೋಕನಿಗೆ, ಮೊದಲು ನಡೆದು ತೋರಿಸು ಎಂದು ತತ್ತ್ವಜ್ಞನು ಉತ್ತರಿಸಿದ ಈಸೋಪನ ಕಥೆಯನ್ನು ಅವರು ಅಲ್ಲಿ ನೆನೆಯುತ್ತಾರೆ; ಹೆಜ್ಜೆಯ ಅಳತೆ ತಿಳಿಯದೆ ದಾರಿಯ ಕಾಲವನ್ನು ಹೇಳಲಾಗದೆಂಬುದು ಅದರ ಭಾವ. ಅರ್ಧ ವರ್ಷವೋ ಪೂರ್ಣ ವರ್ಷಗಳೋ ಹಿಡಿಯುವ ದೀರ್ಘ ಕಾರ್ಯ ಇದೆಂದು ರೋಗಿಗೆ ಮುಂಚಿತವಾಗಿ ತಿಳಿಸಬೇಕೆಂಬುದೂ ಅವರ ಮತವಾಗಿತ್ತು. ಭಾನುವಾರ ಮತ್ತು ರಜಾದಿನಗಳನ್ನು ಬಿಟ್ಟು ಪ್ರತಿದಿನವೂ ರೋಗಿಯು ಬರಬೇಕಾಗಿತ್ತು. ಹೀಗೆ ನಿಧಾನವೆಂಬುದು ಚಿಕಿತ್ಸೆಯ ಸ್ವಭಾವದಲ್ಲಿಯೇ ಅಡಗಿದೆಯೆಂಬ ತತ್ತ್ವವು ಸ್ಥಾಪಿತವಾಯಿತು. ಈ ತತ್ತ್ವದಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಚಿಕಿತ್ಸೆ ಫಲಿಸದಿರುವುದಕ್ಕೂ ಫಲಿಸಲು ತಡವಾಗುತ್ತಿರುವುದಕ್ಕೂ ಇರುವ ವ್ಯತ್ಯಾಸವನ್ನು ತಿಳಿಯುವ ಉಪಾಯವನ್ನು ಅದು ರೋಗಿಯ ಕೈಗೆ ಕೊಡಲಿಲ್ಲ.

೩

ಈ ಕೊರತೆಯ ಪರಿಣಾಮವನ್ನು ಒಂದು ಪ್ರಸಿದ್ಧ ನಿದರ್ಶನದಲ್ಲಿ ಕಾಣಬಹುದು. ಸೆರ್ಗೇಯ್ ಪಾಂಕೇಯೆಫ್ ಎಂಬ ರಷ್ಯದ ಶ್ರೀಮಂತ ತರುಣನು ೧೯೧೦ರ ಫೆಬ್ರುವರಿಯಲ್ಲಿ ಫ್ರಾಯ್ಡರ ಬಳಿಗೆ ಬಂದಾಗ ಆತನಿಗೆ ಇಪ್ಪತ್ತಮೂರು ವರ್ಷ. ಬಾಲ್ಯದಲ್ಲಿ ತೋಳಗಳ ಕನಸು ಕಂಡು ಆತಂಕದ ರೋಗಕ್ಕೆ ಗುರಿಯಾಗಿದ್ದ ಆತನು ತಾರುಣ್ಯದಲ್ಲಿ ಖಿನ್ನತೆಯಿಂದಲೂ ನಿಶ್ಚೇಷ್ಟತೆಯಿಂದಲೂ ಬಳಲುತ್ತಿದ್ದನು. ವರ್ಷಗಳು ಕಳೆದರೂ ಚಿಕಿತ್ಸೆ ಮುಂದೆ ಸಾಗಲಿಲ್ಲ. ಆತನು ಸೌಜನ್ಯದಿಂದ ಎಲ್ಲವನ್ನೂ ಕೇಳಿಕೊಳ್ಳುತ್ತಿದ್ದನು, ಯಾವುದೂ ಆತನನ್ನು ತಟ್ಟುತ್ತಿರಲಿಲ್ಲ. ಕಡೆಗೆ ಫ್ರಾಯ್ಡರು, ಎಷ್ಟೇ ಪ್ರಗತಿಯಾಗಿರಲಿ ಆಗದಿರಲಿ, ಗೊತ್ತಾದ ದಿನದಂದು ಚಿಕಿತ್ಸೆಯನ್ನು ಮುಗಿಸುವುದಾಗಿ ಗಡುವನ್ನು ವಿಧಿಸಿದರು. ಗಡುವು ಸಮೀಪಿಸಿದಂತೆ, ಹಿಂದಿನ ವರ್ಷಗಳಲ್ಲಿ ಬಾರದಿದ್ದ ವಿಷಯಗಳು ಕೆಲವೇ ತಿಂಗಳಲ್ಲಿ ಹೊರಬಂದವು. ೧೯೧೪ರ ಬೇಸಗೆಯಲ್ಲಿ ಆತನು ಗುಣಹೊಂದಿದವನೆಂದು ಭಾವಿಸಿ ಫ್ರಾಯ್ಡರು ಬೀಳ್ಕೊಟ್ಟರು. ಈ ವೃತ್ತಾಂತವು ೧೯೧೮ರಲ್ಲಿ ಪ್ರಕಟವಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ರಷ್ಯದ ಕ್ರಾಂತಿಯಲ್ಲಿ ಆಸ್ತಿಯನ್ನೆಲ್ಲ ಕಳೆದುಕೊಂಡು ಆತನು ವಿಯೆನ್ನಾಕ್ಕೆ ಮರಳಿ, ೧೯೧೯-೨೦ರಲ್ಲಿ ಮತ್ತೆ ಕೆಲವು ತಿಂಗಳು ಫ್ರಾಯ್ಡರಿಂದ ಚಿಕಿತ್ಸೆ ಪಡೆದನು. ೧೯೨೬ರಲ್ಲಿ ಮತ್ತೆ ಕಾಯಿಲೆಯಾದಾಗ ರೂತ್ ಮ್ಯಾಕ್ ಬ್ರನ್ಸ್‌ವಿಕ್ ಅವರು ಆತನಿಗೆ ಚಿಕಿತ್ಸೆ ನೀಡಿದರು. ೧೯೩೭ರಲ್ಲಿ ಮನೋವಿಶ್ಲೇಷಣೆಗೆ ಕೊನೆಯುಂಟೆ ಎಂಬ ವಿಷಯವನ್ನು ಚರ್ಚಿಸಿದ ಪ್ರಬಂಧದಲ್ಲಿ ಫ್ರಾಯ್ಡರು ಈ ಪ್ರಸಂಗಕ್ಕೆ ಹಿಂದಿರುಗಿ, ಸಂಪೂರ್ಣವಾಗಿ ಗುಣವಾಯಿತೆಂದು ತಾವು ಭಾವಿಸಿದ್ದುದು ಸರಿಯಾಗಿರಲಿಲ್ಲವೆಂದು ಒಪ್ಪಿಕೊಂಡರು. ಗಡುವು ಉಪಯುಕ್ತವಾದರೂ ಅದನ್ನು ಒಮ್ಮೆ ಮಾತ್ರ ಪ್ರಯೋಗಿಸಬಹುದೆಂದೂ, ಸಕಾಲವಾವುದೆಂಬುದಕ್ಕೆ ಸಾಮಾನ್ಯ ನಿಯಮವಿಲ್ಲವೆಂದೂ ತಿಳಿಸಿದರು. ಪಾಂಕೇಯೆಫ್ ವಿಯೆನ್ನಾದ ವಿಮಾಸಂಸ್ಥೆಯೊಂದರಲ್ಲಿ ಗುಮಾಸ್ತನಾಗಿ ದುಡಿದು, ಬಾಳಿನ ಕಡೆಯವರೆಗೂ ಬೇರೆ ಬೇರೆ ವೈದ್ಯರನ್ನು ಕಾಣುತ್ತಿದ್ದು, ೧೯೭೯ರಲ್ಲಿ ತೀರಿಕೊಂಡನು. ಕಾರಿನ್ ಓಬ್‌ಹೋಲ್ಟ್‌ಸರ್ ಎಂಬ ಪತ್ರಕರ್ತೆ ಆತನ ಕೊನೆಯ ವರ್ಷಗಳಲ್ಲಿ ನಡೆಸಿ ೧೯೮೦ರಲ್ಲಿ ಪ್ರಕಟಿಸಿದ ಸಂಭಾಷಣೆಗಳಲ್ಲಿ, ತಾನು ಗುಣವಾದೆನೆಂಬ ಮಾತನ್ನೇ ಆತನು ನಿರಾಕರಿಸಿದ್ದಾನೆ.

ಈ ಪ್ರಸಂಗವನ್ನು ಮನೋವಿಶ್ಲೇಷಣೆಯ ಸೋಲೆಂದು ಹೀಗಳೆಯುವುದು ಸುಲಭ. ಆದರೆ ಎರಡು ಯುದ್ಧಗಳ, ಪತ್ನಿಯ ಆತ್ಮಹತ್ಯೆಯ, ಬಡತನದ ನಡುವೆ ಆತನು ದುಡಿದು ಬಾಳಿದನೆಂಬುದನ್ನೂ ಮರೆಯಲಾಗದು. ನಮಗೆ ಇಲ್ಲಿ ಮುಖ್ಯವಾದದ್ದು ಬೇರೊಂದು. ನಾಲ್ಕೂವರೆ ವರ್ಷಗಳ ಆ ಮೊದಲನೆಯ ಚಿಕಿತ್ಸೆಯಲ್ಲಿ ಮುಂದುವರಿಕೆಯನ್ನೂ ಮುಕ್ತಾಯವನ್ನೂ ನಿರ್ಧರಿಸಿದವರು ವೈದ್ಯರೊಬ್ಬರೇ. ಯಾವ ಫಲವನ್ನು ಪ್ರಗತಿಯೆಂದು ಎಣಿಸಬೇಕೆಂಬ ಒಪ್ಪಂದ ಇಬ್ಬರ ನಡುವೆ ಇರಲಿಲ್ಲ. ಆದ್ದರಿಂದಲೇ ಗುಣವಾಯಿತೆಂದು ಒಬ್ಬರೂ ಇಲ್ಲವೆಂದು ಇನ್ನೊಬ್ಬರೂ ಹೇಳಲು ಸಾಧ್ಯವಾಯಿತು.

೪

ಎರಡನೆಯ ಧಾರೆಯೊಂದು ಇದರ ಜೊತೆಯಲ್ಲಿಯೇ ಹರಿಯುತ್ತಿತ್ತು. ೧೯೧೮ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟಿನಲ್ಲಿ ಮಾಡಿದ ಭಾಷಣದಲ್ಲಿ ಫ್ರಾಯ್ಡರೇ ಒಂದು ಮಹತ್ತ್ವದ ಸಂಗತಿಯನ್ನು ತಿಳಿಸಿದ್ದರು. ಒಬ್ಬರೇ ಬೀದಿಗೆ ಹೋಗಲು ಅಂಜುವ ರೋಗಿಗಳ ವಿಷಯದಲ್ಲಿ, ವಿಶ್ಲೇಷಣೆಯಿಂದಲೇ ಭಯ ಹೋಗಲೆಂದು ಕಾದು ಕುಳಿತರೆ ಫಲ ದೊರೆಯುವುದಿಲ್ಲ. ಅವರು ಬೀದಿಗೆ ಹೋಗಿ ಆ ಭಯದೊಡನೆ ಸೆಣಸುವಂತೆ ಮಾಡಬೇಕು ಎಂಬುದು ಅದರ ಸಾರ. ಅಂದರೆ, ಕೆಲವು ಆತಂಕಗಳಲ್ಲಿ ನಿಧಾನಕ್ಕೆ ಕಾರಣ ರೋಗದ ಆಳವಾಗಿರದೆ ಚಿಕಿತ್ಸೆಯ ವಿಧಾನವೇ ಆಗಿರಬಹುದೆಂದು ಆ ಪದ್ಧತಿಯ ಪ್ರವರ್ತಕರೇ ಸೂಚಿಸಿದಂತಾಯಿತು.

ಈ ಸೂಚನೆಯನ್ನು ಬೆಳೆಸಿದವರು ಬೇರೆ ಪಂಥದವರು. ದಕ್ಷಿಣ ಆಫ್ರಿಕದ ಜೋಸೆಫ್ ವೋಲ್ಪೆ ಅವರು ೧೯೫೮ರ ತಮ್ಮ ಗ್ರಂಥದಲ್ಲಿ, ಶರೀರವನ್ನು ಸಡಿಲಗೊಳಿಸಿಕೊಂಡು ಭಯಕಾರಕ ಸಂದರ್ಭಗಳನ್ನು ಕಿರಿದರಿಂದ ಹಿರಿದಕ್ಕೆ ಮೆಟ್ಟಿಲುಮೆಟ್ಟಿಲಾಗಿ ಎದುರಿಸುವ ಕ್ರಮವನ್ನು ವಿವರಿಸಿದರು. ಮೆಟ್ಟಿಲುಗಳ ಪಟ್ಟಿಯಿದ್ದುದರಿಂದ, ತಾನು ಎಲ್ಲಿದ್ದೇನೆಂದು ರೋಗಿಗೆ ತಿಳಿಯುವುದು ಸಾಧ್ಯವಾಯಿತು. ಇದು ಚಿಕ್ಕ ಲಾಭವಲ್ಲ. ಆಸ್ಟ್ರೇಲಿಯದ ವೈದ್ಯೆ ಕ್ಲೇರ್ ವೀಕ್ಸ್ ಅವರು ೧೯೬೨ರಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದ ಪುಸ್ತಕವು ಇನ್ನೊಂದು ದೃಷ್ಟಿಯಿಂದ ಗಮನಾರ್ಹ. ತಾರುಣ್ಯದಲ್ಲಿ ತಾವೇ ಆತಂಕದಿಂದ ಬಳಲಿದ್ದ ಅವರು, ಭಯವನ್ನು ಎದುರಿಸಿ, ಒಪ್ಪಿಕೊಂಡು, ಹೋರಾಡದೆ ಹಾಯ್ದುಹೋಗಿ, ಕಾಲಕ್ಕೆ ಅವಕಾಶವನ್ನು ಕೊಡಬೇಕೆಂದು ಬೋಧಿಸಿದರು. ಸ್ವಲ್ಪ ಗುಣವಾದ ಮೇಲೆ ಮತ್ತೆ ಕಾಣಿಸಿಕೊಳ್ಳುವ ಹಿನ್ನಡೆಯು ಗುಣವಾಗುವ ದಾರಿಯದೇ ಒಂದು ಭಾಗವೆಂದು ಅವರು ಒತ್ತಿ ಹೇಳಿದರು. ‘ಇಷ್ಟು ದಿನದ ಶ್ರಮವೆಲ್ಲ ವ್ಯರ್ಥವಾಯಿತು’ ಎಂದು ಚಿಕಿತ್ಸೆಯನ್ನು ಬಿಡುವವರಲ್ಲಿ ಅನೇಕರು ಬಿಡುವುದು ಇಂಥ ಹಿನ್ನಡೆಯ ದಿನಗಳಲ್ಲಿಯೇ ಎಂಬುದನ್ನು ನೆನೆದರೆ ಈ ಮಾತಿನ ಬೆಲೆ ತಿಳಿಯುತ್ತದೆ.

ಮನೋವಿಶ್ಲೇಷಣೆಯ ಒಳಗೂ ಬದಲಾವಣೆ ನಡೆಯಿತು. ಷಿಕಾಗೋ ನಗರದ ಫ್ರಾನ್ಸ್ ಅಲೆಕ್ಸಾಂಡರ್ ಮತ್ತು ಥಾಮಸ್ ಫ್ರೆಂಚ್ ಅವರು ೧೯೪೬ರ ಗ್ರಂಥದಲ್ಲಿ, ಭೇಟಿಗಳ ಸಂಖ್ಯೆಯನ್ನು ಅಗತ್ಯಕ್ಕೆ ತಕ್ಕಂತೆ ಹೆಚ್ಚುಕಡಮೆ ಮಾಡಬೇಕೆಂದೂ, ಚಿಕಿತ್ಸೆಯನ್ನು ಕೆಲಕಾಲ ನಿಲ್ಲಿಸಿ ರೋಗಿಯು ತನ್ನ ಕಾಲಮೇಲೆ ನಿಲ್ಲಬಲ್ಲನೆ ಎಂದು ಪರೀಕ್ಷಿಸಬೇಕೆಂದೂ ಸಲಹೆ ಮಾಡಿದರು. ಮುಂದುವರಿಸುವುದು, ಬಿಡುವುದು ಎಂಬ ಎರಡೇ ದಾರಿಗಳಿದ್ದಲ್ಲಿ, ಗೊತ್ತುಮಾಡಿಕೊಂಡ ವಿರಾಮವೆಂಬ ಮೂರನೆಯ ದಾರಿ ಹೀಗೆ ತೆರೆಯಿತು.

೫

೧೯೫೨ರಲ್ಲಿ ಚರ್ಚೆಯು ಅಂಕಿಅಂಶಗಳ ಅಂಗಳಕ್ಕೆ ಬಂದಿತು. ಲಂಡನ್ನಿನ ಹಾನ್ಸ್ ಐಸೆಂಕ್ ಅವರು ೨೪ ವರದಿಗಳಲ್ಲಿನ ಏಳು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರವನ್ನು ಒಟ್ಟುಗೂಡಿಸಿ, ಮನೋಚಿಕಿತ್ಸೆ ಪಡೆಯದವರಲ್ಲಿಯೂ ಸುಮಾರು ಮೂರರಲ್ಲಿ ಎರಡು ಪಾಲಿನವರು ಎರಡು ವರ್ಷಗಳಲ್ಲಿ ಸುಧಾರಿಸುತ್ತಾರೆಂದೂ, ಚಿಕಿತ್ಸೆಯಿಂದ ಹೆಚ್ಚಿನ ಲಾಭವಾಗುವುದೆಂಬುದಕ್ಕೆ ಆಧಾರವಿಲ್ಲವೆಂದೂ ವಾದಿಸಿದರು. ಅವರ ಲೆಕ್ಕದಲ್ಲಿ ಮನೋವಿಶ್ಲೇಷಣೆಗೆ ಒಳಗಾದವರಲ್ಲಿ ಸುಧಾರಿಸಿದವರು ಶೇಕಡ ೪೪ ಮಾತ್ರ. ಆದರೆ ಈ ಅಂಕಿಯಲ್ಲಿ ಚಿಕಿತ್ಸೆಯನ್ನು ನಡುವೆ ಬಿಟ್ಟವರನ್ನೆಲ್ಲ ಗುಣವಾಗದವರೆಂದು ಎಣಿಸಲಾಗಿತ್ತು. ಅವರನ್ನು ಬಿಟ್ಟು ಎಣಿಸಿದರೆ ಅದು ಸುಮಾರು ೬೬ ಆಗುತ್ತದೆಂದು ಐಸೆಂಕರೇ ಹೇಳಿದ್ದಾರೆ. ಬಿಟ್ಟುಹೋದವನನ್ನು ಹೇಗೆ ಎಣಿಸಬೇಕೆಂಬುದರ ಮೇಲೆಯೇ ಒಂದು ಮಹಾವಿವಾದವು ನಿಂತಿತ್ತೆಂಬುದು ಇತಿಹಾಸಕಾರನು ಮರೆಯಬಾರದ ಸಂಗತಿ.

ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ ಅವರು ೧೯೭೭ರಲ್ಲಿ ೩೭೫ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ, ಚಿಕಿತ್ಸೆ ಪಡೆದ ಸಾಮಾನ್ಯ ರೋಗಿಯ ಸ್ಥಿತಿಯು ಪಡೆಯದವರಲ್ಲಿ ಶೇಕಡ ೭೫ ಮಂದಿಯದಕ್ಕಿಂತ ಉತ್ತಮವಾಗಿದೆಯೆಂದು ತೋರಿಸಿದರು. ಚಿಕಿತ್ಸೆ ಫಲಕಾರಿಯೇ ಎಂಬ ಪ್ರಶ್ನೆಗೆ ಇದರಿಂದ ಬಹುಮಟ್ಟಿಗೆ ಉತ್ತರ ದೊರೆತು, ಎಷ್ಟು ಚಿಕಿತ್ಸೆ ಬೇಕೆಂಬ ಪ್ರಶ್ನೆ ಮುಂದೆ ಬಂದಿತು. ಕೆನೆತ್ ಹವರ್ಡ್ ಮತ್ತು ಅವರ ಸಹೋದ್ಯೋಗಿಗಳು ೧೯೮೬ರಲ್ಲಿ, ಮೂವತ್ತು ವರ್ಷಗಳ ಅವಧಿಯ ೨,೪೦೦ಕ್ಕೂ ಹೆಚ್ಚು ರೋಗಿಗಳ ವಿವರದಿಂದ, ಎಂಟು ಭೇಟಿಗಳ ವೇಳೆಗೆ ಸುಮಾರು ಅರ್ಧದಷ್ಟು ಜನರೂ ೨೬ ಭೇಟಿಗಳ ವೇಳೆಗೆ ಸುಮಾರು ಮುಕ್ಕಾಲು ಪಾಲು ಜನರೂ ಅಳೆಯಬಹುದಾದಷ್ಟು ಸುಧಾರಿಸುತ್ತಾರೆಂದು ಕಂಡರು. ಎಂಟು ಭೇಟಿಗಳಾದರೂ ಗುಣ ಕಾಣದವನು ಅಪವಾದವಲ್ಲ, ಉಳಿದ ಅರ್ಧದಲ್ಲಿ ಒಬ್ಬನು. ಆರು ತಿಂಗಳು ಪ್ರತಿವಾರ ಹೋಗಿಯೂ ಏನೂ ಕಾಣದವನು ಮಾತ್ರ ಅಲ್ಪಸಂಖ್ಯಾತರಲ್ಲಿ ಸೇರುತ್ತಾನೆ.

ಈ ಅಂಕಿಗಳನ್ನು ಔಷಧದ ಪ್ರಮಾಣದಂತೆ ಓದಬಾರದೆಂದು ಇಂಗ್ಲೆಂಡಿನ ಮೈಕೆಲ್ ಬಾರ್ಕಮ್ ಮುಂತಾದವರು ೨೦೦೬ರಲ್ಲಿ ಎಚ್ಚರಿಸಿದರು. ಬೇಗ ಗುಣವಾಗುವವರು ತಮಗೆ ಸಾಕಷ್ಟಾಯಿತೆಂದು ಬೇಗ ಬಿಡುತ್ತಾರೆ. ನಿಧಾನವಾಗಿ ಗುಣವಾಗುವವರು ಹೆಚ್ಚು ಕಾಲ ಉಳಿಯುತ್ತಾರೆ. ಆದ್ದರಿಂದ ಭೇಟಿಗಳ ಸಂಖ್ಯೆಯು ಗುಣವಾಗುವುದಕ್ಕೆ ಕಾರಣವಾಗಿರುವಷ್ಟೇ ಅದರ ಪರಿಣಾಮವೂ ಆಗಿದೆ.

ವೈದ್ಯರ ಅಂದಾಜನ್ನೂ ಪರೀಕ್ಷಿಸಲಾಯಿತು. ಅಮೆರಿಕದಲ್ಲಿ ೨೦೦೫ರಲ್ಲಿ ಪ್ರಕಟವಾದ, ಮೈಕೆಲ್ ಲ್ಯಾಂಬರ್ಟ್ ಅವರ ಬಳಗದ ಅಧ್ಯಯನವೊಂದರಲ್ಲಿ ೫೫೦ ರೋಗಿಗಳ ಪೈಕಿ ೪೦ ಮಂದಿಯ ಸ್ಥಿತಿ ಹದಗೆಟ್ಟಿತು; ಹದಗೆಡುವುದೆಂದು ಚಿಕಿತ್ಸಕರು ಊಹಿಸಿದ್ದುದು ಮೂವರ ವಿಷಯದಲ್ಲಿ ಮಾತ್ರ. ಅನುಭವಿಯಾದ ಚಿಕಿತ್ಸಕನ ಕಣ್ಣಿಗೂ ನಿಂತ ನೀರು ಹರಿಯುವಂತೆ ಕಾಣಬಹುದೆಂಬುದಕ್ಕೆ ಇದು ಸಾಕ್ಷಿ. ಈ ಕಾರಣದಿಂದಲೇ ಪ್ರತಿ ಭೇಟಿಯಲ್ಲೂ ಪ್ರಶ್ನಾವಳಿಯಿಂದ ಸ್ಥಿತಿಯನ್ನು ಅಳೆಯುವ ರೂಢಿ ಬೆಳೆಯಿತು. ೨೦೦೬ರಲ್ಲಿ ಪ್ರಕಟವಾದ ಏಳು ಪ್ರಶ್ನೆಗಳ ಆತಂಕ ಮಾಪಕವು ಸೊನ್ನೆಯಿಂದ ೨೧ರವರೆಗೆ ಅಂಕ ಕೊಡುತ್ತದೆ. ಇಂಗ್ಲೆಂಡಿನಲ್ಲಿ ೨೦೦೮ರಿಂದ ಹಬ್ಬಿದ ಸಾರ್ವಜನಿಕ ಮನೋಚಿಕಿತ್ಸಾ ಯೋಜನೆಯಲ್ಲಿ ಅದನ್ನು ಭೇಟಿಭೇಟಿಗೂ ಬಳಸುತ್ತ ಬಂದಿದ್ದಾರೆ. ವ್ಯಾಪಕ ಆತಂಕಕ್ಕೆ ಅರಿವು-ವರ್ತನಾ ಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೊಂದು ಗಂಟೆಯಂತೆ ೧೨ರಿಂದ ೧೫ ಭೇಟಿಗಳಲ್ಲಿ ನಡೆಸಬೇಕೆಂದು ಅಲ್ಲಿನ ೨೦೧೧ರ ಮಾರ್ಗಸೂಚಿ ಹೇಳಿತು. ಬೇಗ ಗುಣವಾದರೆ ಕಡಮೆ, ಅಗತ್ಯಬಿದ್ದರೆ ಹೆಚ್ಚು ಎಂಬ ಮಾತನ್ನೂ ಜೊತೆಗೆ ಸೇರಿಸಿತು.

೬

ನಮ್ಮ ದೇಶದಲ್ಲಿ ಈ ಪ್ರಶ್ನೆಯ ಸ್ವರೂಪ ಸ್ವಲ್ಪ ಬೇರೆ. ಗಿರೀಂದ್ರಶೇಖರ ಬೋಸರು ೧೯೨೨ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಆರಂಭವಾಗಿ, ೧೯೭೪ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯ ಎನ್. ಸಿ. ಸೂರ್ಯ ಅವರು ಜಯರಾಂ ಅವರೊಡನೆ ೧೯೬೪ರಲ್ಲಿ ಬರೆದ ಲೇಖನದಲ್ಲಿ, ಭಾರತೀಯ ರೋಗಿಯು ತನ್ನ ಅಂತರಂಗದ ದೀರ್ಘ ಶೋಧನೆಗಿಂತ ತನ್ನ ಸಂದರ್ಭಕ್ಕೆ ಒದಗುವ ನೇರವಾದ ನೆರವನ್ನು ಹೆಚ್ಚು ಸಿದ್ಧಮನಸ್ಸಿನಿಂದ ಸ್ವೀಕರಿಸುತ್ತಾನೆಂದು ಸೂಚಿಸಿದರು. ಜೆ. ಎಸ್. ನೇಕಿ ಅವರು ೧೯೭೩ರಲ್ಲಿ ಗುರುಶಿಷ್ಯ ಸಂಬಂಧವನ್ನು ಚಿಕಿತ್ಸೆಗೆ ಮಾದರಿಯಾಗಿ ಪರಿಶೀಲಿಸಿದರು. ಕನ್ನಡದಲ್ಲಿ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದು, ಮನೋರೋಗವನ್ನು ಕುರಿತು ತಾಯ್ನುಡಿಯಲ್ಲಿ ಮಾತನಾಡುವ ಅಗತ್ಯಕ್ಕೆ ಸಂದ ಮನ್ನಣೆಯೂ ಹೌದು.

ಗುರುಶಿಷ್ಯ ಮಾದರಿಗೆ ಒಂದು ಬಲವೂ ಒಂದು ತೊಡಕೂ ಇವೆ. ವಿಶ್ವಾಸವು ಬೇಗ ನೆಲೆಗೊಳ್ಳುವುದು ಅದರ ಬಲ. ಆದರೆ ಗುರುವಿನೆದುರು ‘ನಿಮ್ಮ ಉಪಾಯದಿಂದ ನನಗೆ ಗುಣ ಕಾಣುತ್ತಿಲ್ಲ’ ಎಂದು ಶಿಷ್ಯನು ಹೇಳಲಾರನು; ಹೇಳುವುದಕ್ಕಿಂತ ಬರುವುದನ್ನು ನಿಲ್ಲಿಸುವುದೇ ಅವನಿಗೆ ಸುಲಭ. ೨೦೧೫-೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮನೋರೋಗಗಳಲ್ಲಿ ಚಿಕಿತ್ಸೆ ದೊರೆಯದೆ ಉಳಿದವರ ಪ್ರಮಾಣ ಶೇಕಡ ೭೦ರಿಂದ ೯೨. ಇಂಥ ದೇಶದಲ್ಲಿ, ಬಾಗಿಲವರೆಗೆ ಬಂದವನು ಸಂಕೋಚದಿಂದ ಹಿಂದಿರುಗುವುದು ಸಣ್ಣ ನಷ್ಟವಲ್ಲ. ೨೦೧೭ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮವು ತನ್ನ ರೋಗದ ಸ್ವರೂಪವನ್ನೂ ಉದ್ದೇಶಿತ ಚಿಕಿತ್ಸೆಯ ಯೋಜನೆಯನ್ನೂ ಅರ್ಥವಾಗುವ ಭಾಷೆಯಲ್ಲಿ ತಿಳಿಯುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ಕೇಳುವುದು ಅವಿನಯವಲ್ಲವೆಂದು ಶಾಸನವೇ ಹೇಳಿದಂತಾಗಿದೆ.

೭

ಮೇಲಿನ ವೃತ್ತಾಂತದಿಂದ ಕೆಲವು ತೀರ್ಮಾನಗಳು ಹೊರಡುತ್ತವೆ.

ಮೊದಲನೆಯದಾಗಿ, ನಿಧಾನವೊಂದನ್ನೇ ಹಿಡಿದು ಚಿಕಿತ್ಸೆ ಸೋತಿತೆಂದು ಹೇಳಲಾಗದು. ಅದು ಆಳವಾಗಿ ಕೆಲಸ ಮಾಡುತ್ತಿದೆಯೆಂದೂ ಹೇಳಲಾಗದು. ತಿಳಿಯಬೇಕಾದದ್ದು ಚಲನೆ ಇದೆಯೆ ಎಂಬುದು. ಅದನ್ನು ಇಂದಿನ ಮನಃಸ್ಥಿತಿಯಿಂದ ಅಳೆಯುವುದು ಸರಿಯಲ್ಲ, ಏಕೆಂದರೆ ಆತಂಕವು ತನ್ನ ಬಗ್ಗೆ ತಾನೇ ಕೊಡುವ ಸಾಕ್ಷ್ಯವು ಯಾವಾಗಲೂ ಕೇಡಿನ ಕಡೆಗೇ ವಾಲಿರುತ್ತದೆ. ಬರೆದಿಟ್ಟ ದಾಖಲೆಯೇ ಇಲ್ಲಿ ಆಧಾರ. ಮೂರು ತಿಂಗಳ ಹಿಂದೆ ಒಬ್ಬರೇ ಬಸ್ಸು ಹತ್ತಲಾರದವರು ಇಂದು ಎದೆಬಡಿತದೊಡನೆಯೇ ಆದರೂ ಹತ್ತುತ್ತಿದ್ದರೆ, ಅಲ್ಲಿ ಪ್ರಗತಿಯಿದೆ.

ಎರಡನೆಯದಾಗಿ, ಚಲನೆಯಿಲ್ಲದಿದ್ದರೆ ಮೊದಲು ವಿಚಾರಿಸಬೇಕಾದದ್ದು ವಿಧಾನವನ್ನು. ತಿಂಗಳುಗಟ್ಟಲೆ ಭಯವನ್ನು ಕುರಿತು ಮಾತು ಮಾತ್ರ ನಡೆದು, ಭಯವನ್ನು ಎದುರಿಸುವ ಅಭ್ಯಾಸ ನಡೆಯದಿದ್ದರೆ, ೧೯೧೮ರಲ್ಲಿಯೇ ಗುರುತಿಸಲಾದ ಕೊರತೆ ಅಲ್ಲಿರಬಹುದು. ವಿಧಾನವನ್ನು ಬದಲಾಯಿಸುವುದು, ಚಿಕಿತ್ಸಕರನ್ನು ಬದಲಾಯಿಸುವುದು, ಗೊತ್ತಾದ ವಿರಾಮವನ್ನು ಪಡೆಯುವುದು ಇವೂ ದಾರಿಗಳೇ. ಒಂದು ಚಿಕಿತ್ಸೆಯನ್ನು ಬಿಟ್ಟರೆ ಗುಣವಾಗುವ ಆಸೆಯನ್ನೇ ಬಿಟ್ಟಂತಲ್ಲ.

ಮೂರನೆಯದಾಗಿ, ಈ ನಿರ್ಧಾರವನ್ನು ಚಿಕಿತ್ಸಕರ ಕೊಠಡಿಯ ಒಳಗೆ, ಅವರೊಡನೆ ಕೂಡಿ ಮಾಡುವುದು ಯುಕ್ತ. ಪಾಂಕೇಯೆಫನ ಪ್ರಸಂಗದಲ್ಲಿ ಗಡುವನ್ನು ಒಬ್ಬರೇ ವಿಧಿಸಿದರು; ಇಬ್ಬರೂ ಒಪ್ಪಿದ ಗಡುವಿನ ಗುಣ ಬೇರೆ. ‘ಇನ್ನು ಆರು ಭೇಟಿಗಳು, ಈ ಈ ವಿಷಯದಲ್ಲಿ ಇಷ್ಟು ಸುಧಾರಣೆ, ಆಮೇಲೆ ಕುಳಿತು ನೋಡೋಣ’ ಎಂಬ ಒಪ್ಪಂದದಿಂದ ಕೊನೆಯಿಲ್ಲದ ಕಾಯುವಿಕೆಯೂ ತಪ್ಪುತ್ತದೆ, ಕೆಟ್ಟ ದಿನವೊಂದರ ಆವೇಗದಲ್ಲಿ ಬಿಡುವುದೂ ತಪ್ಪುತ್ತದೆ. ಸ್ಥಿತಿ ಹದಗೆಡುತ್ತಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ, ಯಾವ ಗಡುವಿಗೂ ಕಾಯದೆ ಆಗಲೇ ತಿಳಿಸತಕ್ಕದ್ದು. ಔಷಧವನ್ನು ಸೇವಿಸುತ್ತಿರುವವರು ಅದನ್ನು ತಾವಾಗಿ ನಿಲ್ಲಿಸತಕ್ಕದ್ದಲ್ಲ.

ಕಡೆಯದಾಗಿ, ಸಾಕಷ್ಟು ಗುಣವಾದ ಮೇಲೆ ನಿಲ್ಲಿಸುವುದು ಸೋಲಲ್ಲ. ಆತಂಕವು ಲೇಶವೂ ಇಲ್ಲದ ಮನಸ್ಸನ್ನು ಗುರಿಯಾಗಿಟ್ಟುಕೊಂಡರೆ ಯಾವ ಚಿಕಿತ್ಸೆಗೂ ಕೊನೆಯಿರುವುದಿಲ್ಲ. ಕಳವಳವಿದ್ದರೂ ಕೆಲಸಕ್ಕೆ ಹೋಗುವುದು, ನಾಲ್ಕು ಜನರೊಡನೆ ಬೆರೆಯುವುದು, ರಾತ್ರಿ ನಿದ್ರಿಸುವುದು ಸಾಧ್ಯವಾದರೆ, ಅಲ್ಲಿಗೆ ನಿಲ್ಲಿಸಬಹುದು. ಮತ್ತೆ ಅಗತ್ಯಬಿದ್ದರೆ ಹಿಂದಿರುಗಲೂಬಹುದು. ನೂರು ವರ್ಷಗಳ ಹಿಂದೆ ಈ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ವೈದ್ಯರೊಬ್ಬರಿಗೇ ಇತ್ತು. ಇಂದು ಆ ಅಧಿಕಾರದಲ್ಲಿ ರೋಗಿಗೂ ಪಾಲು ದೊರೆತಿದೆ. ಅದನ್ನು ಮೌನವಾಗಿ ಹೊರಟುಹೋಗುವುದರಲ್ಲಿ ವ್ಯಯಮಾಡದೆ, ಬಾಯಿಬಿಟ್ಟು ಕೇಳುವುದರಲ್ಲಿ ಉಪಯೋಗಿಸಬೇಕೆಂಬುದೇ ಈ ಇತಿಹಾಸದಿಂದ ನಮಗೆ ತೋರಿಬರುವ ಮುಖ್ಯವಾದ ಪಾಠ.